ಚುಕ್ಕಿ, ಎಳೆ, ಬಯಲು: ಅಮೂರ್ತ ಕಲಾರಚನೆ ಮತ್ತು ಆತ್ಮಾವಲೋಕನದ ನೆಲೆಗಳು

1. ಪ್ರವೇಶ

ಕನ್ನಡದ ಕಲಾವಿಮರ್ಶೆಯಲ್ಲಿ ‘ಅಮೂರ್ತ’ ಎಂಬ ಪದವು ಬಹುಮಟ್ಟಿಗೆ ನಿಷೇಧಾರ್ಥದಲ್ಲಿಯೇ ಬಳಕೆಯಾಗುತ್ತ ಬಂದಿದೆ. ಮೂರ್ತವಲ್ಲದ್ದು, ಹೊರಜಗತ್ತಿನ ಯಾವ ವಸ್ತುವನ್ನೂ ಹೋಲದ್ದು, ನೋಡಿದೊಡನೆ ಗುರುತು ಸಿಗದ್ದು ಎಂಬ ವಿವರಣೆಗಳು ಕೃತಿಯಲ್ಲಿ ಏನಿಲ್ಲ ಎಂಬುದನ್ನು ತಿಳಿಸುತ್ತವೆಯೇ ಹೊರತು ಅಲ್ಲಿ ಏನಿದೆ ಎಂಬುದನ್ನು ತಿಳಿಸುವುದಿಲ್ಲ. ಈ ಕೊರತೆಯನ್ನು ತುಂಬಲು ಇತ್ತೀಚಿನ ವರ್ಷಗಳಲ್ಲಿ ಮತ್ತೊಂದು ವಿವರಣೆ ಚಾಲ್ತಿಗೆ ಬಂದಿದೆ. ಅದರ ಪ್ರಕಾರ ಅಮೂರ್ತ ಚಿತ್ರವನ್ನು ರಚಿಸುವುದೇ ಒಂದು ಧ್ಯಾನ. ಬಣ್ಣ ಹಚ್ಚುವ ಕ್ರಿಯೆಯೇ ಮನಸ್ಸಿಗೆ ನೆಮ್ಮದಿ. ಕ್ಯಾನ್ವಾಸಿನ ಮುಂದೆ ಕುಳಿತವರು ತಮ್ಮನ್ನು ತಾವೇ ಕಂಡುಕೊಳ್ಳುತ್ತಾರೆ. ನಗರದ ಕಲಾಶಿಬಿರಗಳಲ್ಲಿ, ಕಚೇರಿಗಳ ವಿರಾಮ ಕಾರ್ಯಕ್ರಮಗಳಲ್ಲಿ ಈ ಮಾತು ಪದೇ ಪದೇ ಕೇಳಿಬರುತ್ತದೆ.

ಈ ಹೇಳಿಕೆಯನ್ನು ಪೂರ್ಣವಾಗಿ ತಳ್ಳಿಹಾಕುವುದು ಸರಿಯಲ್ಲ. ಪರಿಶೀಲಿಸದೆ ಒಪ್ಪುವುದೂ ಸರಿಯಲ್ಲ. ಆಕಾರರಹಿತ ರೇಖೆ ಮತ್ತು ಬಣ್ಣಗಳು ರಚಿಸುವವರನ್ನು ಒಳಮುಖಿಯಾಗಿಸುವುದು ಯಾವ ಕಾರಣದಿಂದ, ಯಾವ ಶಿಸ್ತಿನ ಮೂಲಕ ಎಂಬುದು ಮೊದಲ ಪ್ರಶ್ನೆ. ಹಾಗೆ ರಚಿಸಿದವರಿಗೆ ದೊರೆತ ಸಮಾಧಾನವು ಕೃತಿಯ ಮೌಲ್ಯವನ್ನು ನಿರ್ಧರಿಸಬಲ್ಲುದೇ ಎಂಬುದು ಎರಡನೆಯದು. ಇವೆರಡನ್ನೂ ಕರ್ನಾಟಕದ ಪರಂಪರೆ ಮತ್ತು ಆಧುನಿಕ ಕಲೆಯ ಹಿನ್ನೆಲೆಯಲ್ಲಿ, ವಿಶೇಷವಾಗಿ ಬೈಯಪ್ಪನಹಳ್ಳಿಯಂತಹ ಪೂರ್ವ ಬೆಂಗಳೂರಿನ ಬಡಾವಣೆಗಳ ಬದುಕನ್ನು ಗಮನದಲ್ಲಿಟ್ಟುಕೊಂಡು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಪರಿಭಾಷೆಯ ಪ್ರಶ್ನೆ

1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್-ಜಿನ್ ಅವರು ಒತ್ತಡ ನಿವಾರಣೆಗೆಂದು ಆರಂಭಿಸಿದ ಕಾರ್ಯಕ್ರಮದಿಂದ ‘ಮೈಂಡ್‌ಫುಲ್‌ನೆಸ್’ ಎಂಬ ಮಾತು ಜಗತ್ತಿನಾದ್ಯಂತ ಹರಡಿತು. ಅದರ ಮೂಲದಲ್ಲಿರುವುದು ಪಾಲಿ ಭಾಷೆಯ ‘ಸತಿ’, ಅಂದರೆ ಸಂಸ್ಕೃತದ ‘ಸ್ಮೃತಿ’. ಬೌದ್ಧ ಸಾಧನೆಯಲ್ಲಿ ಇದು ನೀತಿ, ಸಂಘ ಮತ್ತು ವಿವೇಕಗಳೊಡನೆ ಬೆಸೆದುಕೊಂಡಿದ್ದ ಪರಿಕಲ್ಪನೆ. ಚಿಕಿತ್ಸಾಲಯವನ್ನು ಪ್ರವೇಶಿಸುವಾಗ ಅದು ಈ ಸಂಬಂಧಗಳನ್ನು ಹೊರಗೆ ಬಿಟ್ಟು ಗಮನದ ತಂತ್ರವಾಗಿ ಮಾತ್ರ ಉಳಿಯಿತು ಎಂಬ ಆಕ್ಷೇಪವೂ ಇದೆ.

ಕನ್ನಡದಲ್ಲಿ ಈ ಅರ್ಥವಲಯಕ್ಕೆ ಒಂದೇ ಪದವಿಲ್ಲ. ಅವಧಾನ, ಎಚ್ಚರ, ಅರಿವು ಎಂಬ ಮೂರು ಪದಗಳು ಅದನ್ನು ಹಂಚಿಕೊಂಡಿವೆ. ಅವಧಾನವು ಒಂದು ವಿಷಯದ ಮೇಲೆ ಚಿತ್ತವನ್ನು ನಿಲ್ಲಿಸುವ ಸಾಮರ್ಥ್ಯ. ಅಷ್ಟಾವಧಾನ ಕಲೆಯಲ್ಲಿ ಇದರ ಪರೀಕ್ಷೆ ನಡೆಯುತ್ತದೆ. ಎಚ್ಚರವು ನಿದ್ದೆಗೆ ವಿರುದ್ಧವಾದುದು, ತನ್ನ ನಡೆಯ ಮೇಲೆ ತಾನೇ ಇಟ್ಟ ಕಾವಲು. ಅರಿವು ಇವೆರಡರ ಫಲ. ಅಮೂರ್ತ ಕಲಾರಚನೆಯ ವಿವೇಚನೆಯಲ್ಲಿ ಈ ಮೂರನ್ನು ಬೇರ್ಪಡಿಸುವುದು ಅಗತ್ಯ. ಕೈ ಮತ್ತು ಕಣ್ಣು ಒಂದು ಗೆರೆಯ ಮೇಲೆ ನಿಲ್ಲುವುದು ಅವಧಾನ. ಆ ಗೆರೆ ತಪ್ಪಿದಾಗ ಮನಸ್ಸು ಹೇಗೆ ಸಿಡುಕುತ್ತದೆ, ಹೇಗೆ ಮುಚ್ಚಿಹಾಕಲು ಹವಣಿಸುತ್ತದೆ ಎಂಬುದನ್ನು ಕಾಣುವುದು ಎಚ್ಚರ. ಅದರಿಂದ ತನ್ನ ಬಗೆಗೆ ಏನಾದರೂ ತಿಳಿದರೆ ಅದು ಅರಿವು. ಮೊದಲನೆಯದು ದೊರೆತ ಮಾತ್ರಕ್ಕೆ ಮೂರನೆಯದು ದೊರೆಯಿತೆಂದು ಭಾವಿಸುವುದೇ ಇಂದಿನ ಶಿಬಿರಗಳ ಪ್ರಚಾರದಲ್ಲಿರುವ ಮುಖ್ಯ ದೋಷ.

3. ಪರಂಪರೆಯಲ್ಲಿ ನಿರಾಕಾರ

ಅಮೂರ್ತವು ಪಶ್ಚಿಮದಿಂದ ಬಂದ ಆಮದು ಎಂಬ ಅಭಿಪ್ರಾಯ ಕರ್ನಾಟಕದ ಮಟ್ಟಿಗೆ ಅರ್ಧಸತ್ಯ. ಚೌಕಟ್ಟಿನೊಳಗಿನ ಅಮೂರ್ತ ವರ್ಣಚಿತ್ರವು ಇಪ್ಪತ್ತನೆಯ ಶತಮಾನದ ಕೊಡುಗೆ ಎಂಬುದು ನಿಜ. ಆದರೆ ಆಕಾರವಿಲ್ಲದ ಕುರುಹಿನ ಮೂಲಕ ತನ್ನೊಳಗನ್ನು ನೋಡಿಕೊಳ್ಳುವ ಅಭ್ಯಾಸ ಇಲ್ಲಿ ಹಳೆಯದು. ಹನ್ನೆರಡನೆಯ ಶತಮಾನದ ಶರಣರು ನೆಲೆಗೊಳಿಸಿದ ಇಷ್ಟಲಿಂಗದ ಉಪಾಸನೆ ಇದಕ್ಕೆ ಪ್ರಮುಖ ನಿದರ್ಶನ. ಕೈ ಕಾಲು ಮುಖಗಳಿಲ್ಲದ, ಕಪ್ಪು ಲೇಪನದ ಚಿಕ್ಕ ಕುರುಹನ್ನು ಎಡ ಅಂಗೈಯಲ್ಲಿರಿಸಿಕೊಂಡು ದೃಷ್ಟಿಯನ್ನು ಅದರ ಮೇಲೆ ನೆಲೆಗೊಳಿಸುವ ಈ ಕ್ರಮದಲ್ಲಿ ಇಷ್ಟಲಿಂಗದಿಂದ ಪ್ರಾಣಲಿಂಗಕ್ಕೆ, ಅಲ್ಲಿಂದ ಭಾವಲಿಂಗಕ್ಕೆ ಸಾಗುವ ಹಾದಿಯಿದೆ. ಕುರುಹು ಸಾಧನವೇ ಹೊರತು ಗುರಿಯಲ್ಲ. ಅರಿವು ಮೂಡಿದ ಮೇಲೆ ಕುರುಹಿಗೆ ಅಂಟಿಕೊಳ್ಳುವುದನ್ನು ಅಲ್ಲಮಪ್ರಭು ಪ್ರಶ್ನಿಸಿದ್ದು ಪ್ರಸಿದ್ಧ. ಅವರ ‘ಬಯಲು’ ಬರಿಯ ಖಾಲಿಯಲ್ಲ. ಎಲ್ಲ ರೂಪಗಳೂ ಕರಗಿದ ಪೂರ್ಣತೆ. ಇಷ್ಟಲಿಂಗವು ಉಪಾಸನೆಯ ಕುರುಹಾಗಿರುವುದರಿಂದ ಅದನ್ನು ಕಲಾಕೃತಿಯೆಂದು ಕರೆಯುವುದು ಉಚಿತವಲ್ಲ. ಆದರೆ ನಿರಾಕೃತಿಯ ಎದುರು ನೋಟವನ್ನು ನಿಲ್ಲಿಸಿದಾಗ ನೋಡುವವನೇ ನೋಟದ ವಿಷಯವಾಗುತ್ತಾನೆ ಎಂಬ ತಿಳಿವಳಿಕೆ ಇಲ್ಲಿ ಸ್ಪಷ್ಟವಾಗಿದೆ. ಜೈನ ಸಂಪ್ರದಾಯದ ಸಿದ್ಧಪ್ರತಿಮೆಗಳಲ್ಲಿ ಲೋಹದ ತಗಡನ್ನು ಮನುಷ್ಯಾಕೃತಿಯಲ್ಲಿ ಕತ್ತರಿಸಿ ತೆಗೆದು, ಉಳಿದ ತೆರವನ್ನೇ ಮುಕ್ತಾತ್ಮನ ಸ್ವರೂಪವೆಂದು ತೋರಿಸುವ ಕ್ರಮವೂ ಇದೇ ಚಿಂತನೆಯ ಇನ್ನೊಂದು ಮುಖ.

ರಚನೆಯ ನೆಲೆಯಿಂದ ನೋಡಿದರೆ ಇವೆರಡಕ್ಕಿಂತ ಹತ್ತಿರದ ಉದಾಹರಣೆಗಳು ಮನೆಯ ಅಂಗಳ ಮತ್ತು ಗೋಡೆಗಳಲ್ಲಿವೆ. ಶಿವಮೊಗ್ಗ ಜಿಲ್ಲೆಯ ಸಾಗರ ಸೀಮೆಯ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರದಲ್ಲಿ ಅಕ್ಕಿಯ ಬಿಳಿ, ಕೆಮ್ಮಣ್ಣಿನ ಕೆಂಪು, ಹುರಿದು ಕರಿದಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಬಣ್ಣಗಳು ಬಳಕೆಯಾಗುತ್ತವೆ. ಪುಂಡಿ ನಾರಿನ ಕುಂಚದಿಂದ ಎಳೆಗಳನ್ನು ಒಂದರ ಪಕ್ಕ ಒಂದರಂತೆ ಎಳೆಯಲಾಗುತ್ತದೆ. ಕೈ ನಡುಗಿದರೆ ಎಳೆ ಹೇಳಿಬಿಡುತ್ತದೆ. ಚುಕ್ಕಿ ರಂಗೋಲಿಯ ಶಿಸ್ತೂ ಇಂತಹುದೇ. ಮೊದಲು ಚುಕ್ಕಿಗಳ ಲೆಕ್ಕ, ಆಮೇಲೆ ಅವುಗಳನ್ನು ಕೂಡಿಸುವ ಅಥವಾ ಬಳಸಿ ಬರುವ ಎಳೆ. ಬಳಸಿ ಬರುವ ಬಗೆಯಲ್ಲಿ ಎಳೆಯು ಚುಕ್ಕಿಯನ್ನು ಮುಟ್ಟಬಾರದು, ಯಾವ ಚುಕ್ಕಿಯನ್ನೂ ಹೊರಗುಳಿಸಬಾರದು, ಕೊನೆಗೆ ಹೊರಟಲ್ಲಿಗೇ ಮರಳಬೇಕು. 1970ರ ದಶಕದಲ್ಲಿ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ ಮತ್ತು ಸಹಸಂಶೋಧಕರು ಕೋಲಂ ರಚನೆಗಳಿಗೆ ವ್ಯಾಕರಣವನ್ನು ಕಟ್ಟಿ, ಅವುಗಳ ಹಿಂದಿರುವ ನಿಯಮಬದ್ಧತೆಯನ್ನು ಗಣಕ ವಿಜ್ಞಾನದ ಭಾಷೆಯಲ್ಲಿ ನಿರೂಪಿಸಿದರು. ಅಂದರೆ ಅಂಗಳದ ಈ ಗೆರೆ ಮನಬಂದಂತೆ ಹರಿದದ್ದಲ್ಲ. ನಿಯಮವನ್ನು ಕೈಯಲ್ಲಿ ಹಿಡಿದ ಬುದ್ಧಿಯ ಕೆಲಸ.

ರಂಗೋಲಿಯ ಇನ್ನೊಂದು ಗುಣವೆಂದರೆ ಅದರ ಅಲ್ಪಾಯುಷ್ಯ. ಬೆಳಗಿನಲ್ಲಿ ಬರೆದದ್ದು ಸಂಜೆಯ ಹೊತ್ತಿಗೆ ಕಾಲಿಗೆ, ಚಕ್ರಕ್ಕೆ, ಗಾಳಿಗೆ ಸಿಕ್ಕಿ ಅಳಿಯುತ್ತದೆ. ಮರುದಿನ ಅದೇ ನೆಲದಲ್ಲಿ ಮತ್ತೆ ಮೊದಲಿನಿಂದ ಆರಂಭ. ಕೃತಿಯನ್ನು ಕೂಡಿಡುವ ಆಸೆಗೆ ಇಲ್ಲಿ ಎಡೆಯಿಲ್ಲ. ಆದರೆ ಇದನ್ನು ಕೇವಲ ಧ್ಯಾನವೆಂದು ವೈಭವೀಕರಿಸುವುದು ಅನ್ಯಾಯವಾದೀತು. ನಸುಕಿನಲ್ಲಿ ಎದ್ದು ಸಾರಿಸಿ, ರಂಗೋಲಿಯಿಟ್ಟು, ಬಳಿಕ ಅಡುಗೆ ಮನೆಗೆ ಹೋಗುವ ಹೆಣ್ಣಿಗೆ ಅದು ಎಷ್ಟೋ ಸಲ ಮಾಡಲೇಬೇಕಾದ ಕೆಲಸಗಳಲ್ಲಿ ಮೊದಲನೆಯದು. ಬಿಡುವಿನ ಆಯ್ಕೆಯೂ ಹೊರಿಸಿದ ಕರ್ತವ್ಯವೂ ಒಂದೇ ಗೆರೆಯಲ್ಲಿ ಬೆರೆತಿರುವುದು ಇದರ ವಾಸ್ತವ.

4. ಆಧುನಿಕರಲ್ಲಿ ಅಂತರ್ಮುಖತೆ

ಯುರೋಪಿನ ಅಮೂರ್ತ ಕಲೆಯ ಆರಂಭದಲ್ಲೇ ಆಧ್ಯಾತ್ಮಿಕ ಹಂಬಲವಿತ್ತು. ಸ್ವೀಡನ್ನಿನ ಹಿಲ್ಮಾ ಅಫ್ ಕ್ಲಿಂಟ್ 1906ರಿಂದಲೇ ಆಕಾರರಹಿತ ಚಿತ್ರಗಳನ್ನು ರಚಿಸತೊಡಗಿದ್ದರು. ಕಲೆಯಲ್ಲಿ ಆಧ್ಯಾತ್ಮಿಕತೆಯನ್ನು ಕುರಿತ ಕಾಂಡಿನ್ಸ್ಕಿಯ ಗ್ರಂಥ 1911ರ ಕೊನೆಯಲ್ಲಿ ಹೊರಬಂದಿತು. 1915ರಲ್ಲಿ ಪೆಟ್ರೋಗ್ರಾಡಿನ ಪ್ರದರ್ಶನದಲ್ಲಿ ಮಾಲೆವಿಚ್ ತನ್ನ ಕಪ್ಪು ಚೌಕವನ್ನು ಕೋಣೆಯ ಮೇಲ್ಮೂಲೆಯಲ್ಲಿ, ರಷ್ಯನ್ ಮನೆಗಳಲ್ಲಿ ದೇವರ ಪಟವನ್ನಿಡುವ ಜಾಗದಲ್ಲಿ ತೂಗುಹಾಕಿದ. ಮಾಂಡ್ರಿಯನ್ ಥಿಯಾಸಫಿಯಿಂದ ಪ್ರಭಾವಿತನಾಗಿದ್ದ. ಭಾರತೀಯ ಚಿಂತನೆಯು ಹೀಗೆ ಪಶ್ಚಿಮಕ್ಕೆ ಹೋಗಿ, ಮತ್ತೆ ಅಮೂರ್ತದ ರೂಪದಲ್ಲಿ ಇಲ್ಲಿಗೆ ಮರಳಿತು ಎನ್ನುವುದರಲ್ಲಿ ಅತಿಶಯೋಕ್ತಿಯಿಲ್ಲ.

ಭಾರತದ ಆಧುನಿಕರಲ್ಲಿ ಈ ಹಾದಿಯನ್ನು ಅತ್ಯಂತ ಕಠೋರವಾಗಿ ನಡೆದವರು ವಿ. ಎಸ್. ಗಾಯತೊಂಡೆ (1924-2001). ಝೆನ್ ಚಿಂತನೆ, ರಮಣ ಮಹರ್ಷಿ ಮತ್ತು ನಿಸರ್ಗದತ್ತ ಮಹಾರಾಜರ ವಿಚಾರಗಳತ್ತ ಒಲಿದಿದ್ದ ಅವರು ವರ್ಷವೊಂದಕ್ಕೆ ಕೆಲವೇ ಕೃತಿಗಳನ್ನು ಮುಗಿಸುತ್ತಿದ್ದರು. ರೋಲರ್ ಮತ್ತು ಚಾಕುವಿನಿಂದ ಬಣ್ಣವನ್ನು ಹಚ್ಚಿ, ಕೆರೆದು, ಮತ್ತೆ ಹಚ್ಚುವ ಅವರ ಕ್ರಮದಲ್ಲಿ ಕಾಯುವುದಕ್ಕೇ ಹೆಚ್ಚು ಕಾಲ. ತಮ್ಮ ಚಿತ್ರಗಳನ್ನು ಅವರು ‘ಅಮೂರ್ತ’ ಎನ್ನಲು ಒಪ್ಪದೆ ‘ವಸ್ತುರಹಿತ’ ಎಂದು ಕರೆದದ್ದು ಗಮನಾರ್ಹ: ಅಲ್ಲಿ ಯಾವುದೋ ವಸ್ತುವಿನಿಂದ ರೂಪವನ್ನು ಕಳಚುವ ಕ್ರಿಯೆ ಇಲ್ಲವೆಂಬುದು ಅವರ ನಿಲುವು. ಎಸ್. ಎಚ್. ರಜಾ (1922-2016) ಅವರ ‘ಬಿಂದು’ವಿನ ಮೂಲ ಬಾಲ್ಯದ ಒಂದು ಪ್ರಸಂಗದಲ್ಲಿದೆ, ಚಂಚಲ ಹುಡುಗನ ಚಿತ್ತವನ್ನು ನಿಲ್ಲಿಸಲು ಶಾಲೆಯ ಉಪಾಧ್ಯಾಯರು ಗೋಡೆಯ ಮೇಲೊಂದು ಚುಕ್ಕಿಯನ್ನಿಟ್ಟು ಅದನ್ನೇ ನೋಡಲು ಹೇಳಿದ್ದರು. ನಸ್ರೀನ್ ಮೊಹಮದಿ (1937-1990) ಅವರ ಬದುಕಂತೂ ಈ ವಿಷಯದ ಅತ್ಯಂತ ತೀಕ್ಷ್ಣ ದೃಷ್ಟಾಂತ. ಬರೋಡಾದಲ್ಲಿ ಅಧ್ಯಾಪಕಿಯಾಗಿದ್ದ ಅವರಿಗೆ ಚಲನೆಯ ಹಿಡಿತವನ್ನು ಕ್ರಮೇಣ ಕಸಿಯುವ ನರರೋಗ ಬಾಧಿಸಿತು. ಹಾಗಿದ್ದೂ ರೇಖನ ಸಾಧನಗಳ ನೆರವಿನಿಂದ ಶಾಯಿಯ ನೇರ ಗೆರೆಗಳನ್ನು ಕೊನೆಯವರೆಗೂ ಎಳೆದರು. ಜೊತೆಗೆ ದಿನಚರಿಗಳಲ್ಲಿ ತಮ್ಮನ್ನು ತಾವೇ ತಿದ್ದಿಕೊಳ್ಳುವ ಮಾತುಗಳನ್ನು ಬರೆದುಕೊಂಡರು. ಇಲ್ಲಿ ಗೆರೆ ನೆಮ್ಮದಿಯ ಸಾಧನವಲ್ಲ; ಕೈ ಒಪ್ಪದ ಕಡೆ ಮನಸ್ಸು ಬಿಡದೆ ನಿಂತ ಸ್ಥಳ.

ಕರ್ನಾಟಕದ ಕಲಾವಿದರಲ್ಲಿ ಕೆ. ಕೆ. ಹೆಬ್ಬಾರ್ (1911-1996) ಅವರನ್ನು ಶುದ್ಧ ಅಮೂರ್ತಕಾರರೆಂದು ಕರೆಯಲಾಗದು. ಆದರೆ ರೇಖೆಯ ಅಂತರ್ಲಯವನ್ನು ಅರಿಯಲು ಅವರು ಪಂಡಿತ ಸುಂದರ ಪ್ರಸಾದರಲ್ಲಿ ಕಥಕ್ ಕಲಿತದ್ದು ಈ ಚರ್ಚೆಗೆ ಬಹಳ ಮುಖ್ಯ. ಕಣ್ಣಿನಿಂದ ಕಲಿತದ್ದನ್ನು ಮೈಯಿಂದ ಮತ್ತೆ ಕಲಿಯುವ ಈ ಹಟದ ಫಲವಾಗಿ ಅವರ ‘ಹಾಡುವ ರೇಖೆ’ ಸಿದ್ಧಿಸಿತು. ಉತ್ತರಾರ್ಧದ ಕೃತಿಗಳಲ್ಲಿ ಮನುಷ್ಯಾಕೃತಿ ಹಿಂದೆ ಸರಿದು ಬೆಳಕು ಮತ್ತು ಅವಕಾಶಗಳು ಮುಂದೆ ಬಂದವು. 1966ರಲ್ಲಿ ಮದರಾಸಿನ ಬಳಿ ಚೋಳಮಂಡಲ ಕಲಾಗ್ರಾಮವನ್ನು ಕಟ್ಟಿದವರಲ್ಲಿ ಒಬ್ಬರಾದ ಮೈಸೂರು ಮೂಲದ ಎಸ್. ಜಿ. ವಾಸುದೇವ್ ಅವರ ‘ವೃಕ್ಷ’ ಸರಣಿಯಲ್ಲಿ ಮರವು ಮರವಾಗಿಯೂ ವಿನ್ಯಾಸವಾಗಿಯೂ ನಿಲ್ಲುತ್ತದೆ. ಬಾದಾಮಿ ಮೂಲದ ಆರ್. ಎಂ. ಹಡಪದ್ ಬೆಂಗಳೂರಿನಲ್ಲಿ ಕೆನ್ ಕಲಾಶಾಲೆಯ ಮೂಲಕ ಸರಳ ಬದುಕು ಮತ್ತು ನಿತ್ಯದ ಅಭ್ಯಾಸಗಳನ್ನು ಒಂದೇ ಶಿಸ್ತಾಗಿ ಕಂಡು, ಹಲವು ತಲೆಮಾರುಗಳ ಕಲಾವಿದರನ್ನು ರೂಪಿಸಿದರು. ಈ ಎಲ್ಲರಲ್ಲಿ ಸಮಾನವಾದುದು ಶೈಲಿಯಲ್ಲ, ದಿನದಿನದ ಮರುಕಳಿಕೆಯ ಮೇಲಿನ ನಂಬಿಕೆ.

5. ಪ್ರಯೋಗಗಳು ಹೇಳುವುದು

ಮನೋವಿಜ್ಞಾನಿ ಕಾರ್ಲ್ ಯೂಂಗ್ 1918-19ರ ಅವಧಿಯಲ್ಲಿ ಪ್ರತಿ ಬೆಳಿಗ್ಗೆ ಟಿಪ್ಪಣಿ ಪುಸ್ತಕದಲ್ಲಿ ಚಿಕ್ಕ ವೃತ್ತಾಕಾರದ ವಿನ್ಯಾಸವೊಂದನ್ನು ಬರೆದು, ಅದನ್ನು ತನ್ನ ಅಂದಿನ ಮನಃಸ್ಥಿತಿಯ ನಕಾಶೆಯೆಂದು ಓದುತ್ತಿದ್ದರು. ಮಂಡಲ ರಚನೆಗೆ ಚಿಕಿತ್ಸಾ ಮೌಲ್ಯವಿದೆಯೆಂಬ ಆಧುನಿಕ ನಂಬಿಕೆಯ ಮೂಲಗಳಲ್ಲಿ ಇದು ಮುಖ್ಯವಾದುದು. 2005ರಲ್ಲಿ ಅಮೆರಿಕದ ಕರಿ ಮತ್ತು ಕ್ಯಾಸರ್ ಎಂಬ ಸಂಶೋಧಕರು 84 ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಮಂಡಲಕ್ಕೆ ಅಥವಾ ಚೌಕಳಿ ವಿನ್ಯಾಸಕ್ಕೆ ಬಣ್ಣ ತುಂಬಿದವರ ಆತಂಕ ತಗ್ಗಿತು. ಖಾಲಿ ಹಾಳೆಯ ಮೇಲೆ ಮನಬಂದಂತೆ ಬಣ್ಣ ಹಚ್ಚಿದವರಲ್ಲಿ ಅಂತಹ ಇಳಿಕೆ ಕಾಣಲಿಲ್ಲ. 2012ರಲ್ಲಿ 50 ಮಂದಿಯೊಡನೆ ನಡೆದ ಪುನರ್‌ಪ್ರಯೋಗದಲ್ಲಿ ಮಂಡಲದ ಪರಿಣಾಮ ಮತ್ತೆ ಕಂಡುಬಂದರೂ ಚೌಕಳಿಯ ಪರಿಣಾಮ ದೃಢಪಡಲಿಲ್ಲ. ಇನ್ನೊಂದೆಡೆ 2016ರಲ್ಲಿ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಸಂಗಡಿಗರ ಅಧ್ಯಯನದಲ್ಲಿ 39 ಮಂದಿ ವಯಸ್ಕರು 45 ನಿಮಿಷ ಮುಕ್ತವಾಗಿ ಕಲಾರಚನೆಯಲ್ಲಿ ತೊಡಗಿದಾಗ ಸುಮಾರು ಶೇಕಡ 75ರಷ್ಟು ಮಂದಿಯಲ್ಲಿ ಒತ್ತಡ ಸೂಚಕವಾದ ಕಾರ್ಟಿಸೋಲ್ ಇಳಿಯಿತು; ಹಿಂದಿನ ಕಲಾನುಭವ ಇದ್ದವರಿಗೂ ಇಲ್ಲದವರಿಗೂ ಗಣನೀಯ ವ್ಯತ್ಯಾಸವಿರಲಿಲ್ಲ.

ಈ ಅಧ್ಯಯನಗಳು ಚಿಕ್ಕವು, ಅವುಗಳ ಫಲಿತಾಂಶಗಳು ಪರಸ್ಪರ ಪೂರ್ತಿ ಹೊಂದುವುದೂ ಇಲ್ಲ. ಹೀಗಾಗಿ ಅವುಗಳಿಂದ ದೊಡ್ಡ ತೀರ್ಮಾನಗಳಿಗೆ ಬರುವುದು ತರವಲ್ಲ. ಎರಡು ಅಂಶಗಳನ್ನು ಮಾತ್ರ ಹೇಳಬಹುದು. ಮೊದಲನೆಯದಾಗಿ, ರಚನೆಯ ಕ್ರಿಯೆಯಿಂದ ದೊರೆಯುವ ಶಮನಕ್ಕೆ ಪರಿಣತಿ ಅಗತ್ಯವಲ್ಲ. ಎರಡನೆಯದಾಗಿ, ಖಾಲಿ ಹಾಳೆಯ ಸ್ವಾತಂತ್ರ್ಯವು ಎಲ್ಲರಿಗೂ ಎಲ್ಲ ಹೊತ್ತಿನಲ್ಲೂ ಹಿತವಲ್ಲ; ಕೆಲವೊಮ್ಮೆ ಮನಸ್ಸಿಗೆ ಆಸರೆಯಾಗುವುದು ಮಿತಿ. ಚುಕ್ಕಿಗಳನ್ನು ಮೊದಲು ಎಣಿಸಿ ಇಡುವ ರಂಗೋಲಿಯ ಕ್ರಮದಲ್ಲಿ ಈ ಮಿತಿಯ ತಿಳಿವಳಿಕೆ ಅಡಕವಾಗಿದೆ. ಇಷ್ಟಾದರೂ ಈ ಪ್ರಯೋಗಗಳು ಅಳೆದದ್ದು ಆತಂಕ ಮತ್ತು ಒತ್ತಡಗಳನ್ನೇ ಹೊರತು ಅರಿವನ್ನಲ್ಲ. ನಸ್ರೀನ್ ಅವರ ಗೆರೆಗಳಾಗಲಿ ಗಾಯತೊಂಡೆಯವರ ಕಾಯುವಿಕೆಯಾಗಲಿ ಇಂತಹ ಅಳತೆಗೋಲಿಗೆ ಸಿಗುವಂಥವಲ್ಲ.

6. ಬೈಯಪ್ಪನಹಳ್ಳಿಯ ಸಂದರ್ಭ

ಪೂರ್ವ ಬೆಂಗಳೂರಿನ ಚಿತ್ರ ಈ ಚರ್ಚೆಯನ್ನು ನೆಲಕ್ಕಿಳಿಸುತ್ತದೆ. ಹಿಂದೂಸ್ತಾನ್ ಏರೋನಾಟಿಕ್ಸ್, ದೂರವಾಣಿನಗರದ ಐಟಿಐ, 1965ರಲ್ಲಿ ಸ್ಥಾಪನೆಗೊಂಡ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಮೊದಲಾದ ಕಾರ್ಖಾನೆಗಳು ಈ ಭಾಗದ ದಿನಚರಿಯನ್ನು ಪಾಳಿಯ ಲೆಕ್ಕದಲ್ಲಿ ಕಟ್ಟಿದ್ದವು. ವಿಮಾನ ಕಾರ್ಖಾನೆಯಲ್ಲಿ ದುಡಿಯುತ್ತಲೇ ಚಿತ್ರಕಲಾ ಪರಿಷತ್ತಿನಲ್ಲಿ ಕಲಿತು ಹೆಸರಾಂತ ಕಲಾವಿದರಾದ ಯೂಸುಫ್ ಅರಕ್ಕಲ್ (1945-2016) ಈ ಶ್ರಮಲೋಕದಿಂದ ಬಂದವರು. ಅವರ ಕೃತಿಗಳು ಮನುಷ್ಯಾಕೃತಿ ಪ್ರಧಾನವಾದರೂ ಆ ಆಕೃತಿಗಳನ್ನು ಸುತ್ತುವರಿದ ಮೌನ ಈ ಲೇಖನದ ವಿಷಯಕ್ಕೆ ದೂರವಲ್ಲ. ಎನ್‌ಜಿಇಎಫ್ ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಮುಚ್ಚಿತು. 2011ರ ಅಕ್ಟೋಬರ್ 20ರಂದು ನಗರದ ಮೊದಲ ಮೆಟ್ರೋ ಬೈಯಪ್ಪನಹಳ್ಳಿ ಮತ್ತು ಮಹಾತ್ಮ ಗಾಂಧಿ ರಸ್ತೆಗಳ ನಡುವೆ ಓಡಿತು. 2022ರ ಜೂನ್‌ನಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಬಳಕೆಗೆ ಬಂದಿತು. 2023ರ ಅಕ್ಟೋಬರ್‌ನಲ್ಲಿ ಮೆಟ್ರೋ ಕೃಷ್ಣರಾಜಪುರದವರೆಗೆ ಕೂಡಿಕೊಂಡಿತು. ಉತ್ಪಾದನೆಯ ಊರು ಸಂಚಾರದ ಊರಾಯಿತು.

ಈ ಬದಲಾವಣೆಯಲ್ಲಿ ಅಂಗಳ ಕುಗ್ಗಿತು. ಹಲಸೂರಿನ ಹಳೆಯ ಓಣಿಗಳಲ್ಲಿ ಕನ್ನಡ, ತಮಿಳು, ತೆಲುಗು ಮಾತಾಡುವ ಮನೆಗಳ ಮುಂದೆ ರಂಗೋಲಿ ಇಂದಿಗೂ ಬೀಳುತ್ತದೆ. ಬಹುಮಹಡಿ ವಸತಿಗಳಲ್ಲಿ ಅದರ ಜಾಗವನ್ನು ಬಾಗಿಲ ಬಳಿಯ ಅಂಟುಚಿತ್ರ ಪಡೆದಿದೆ. ಅಂಟುಚಿತ್ರದಲ್ಲಿ ವಿನ್ಯಾಸ ಉಳಿದಿದೆ, ಕ್ರಿಯೆ ಹೋಗಿದೆ. ಅಮೂರ್ತ ಕಲೆಯ ಆತ್ಮಾವಲೋಕನ ಗುಣವು ಆಕೃತಿಯಲ್ಲಿದೆಯೋ ರಚನೆಯಲ್ಲಿದೆಯೋ ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ. ಮೆಟ್ರೋದ ಇನ್ನೊಂದು ತುದಿಯಲ್ಲಿ, ಮಹಾತ್ಮ ಗಾಂಧಿ ರಸ್ತೆಯ ನಿಲ್ದಾಣದ ಬಳಿ 2013ರಲ್ಲಿ ತೆರೆದ ಕಲಾಕೇಂದ್ರಕ್ಕೆ ‘ರಂಗೋಲಿ’ ಎಂದೇ ಹೆಸರಿಟ್ಟದ್ದು ಅರ್ಥಪೂರ್ಣ. ಮನೆಯ ಹೊಸ್ತಿಲಿನಿಂದ ಮರೆಯಾಗುತ್ತಿರುವುದು ಸಾರ್ವಜನಿಕ ಸ್ಥಳದ ಹೆಸರಾಗಿ ಮರಳಿದೆ. ಆದರೆ ನಗರದ ಬಹುತೇಕ ಕಲಾಸ್ಥಳಗಳು ನೋಡುವವರಿಗಾಗಿ ಕಟ್ಟಿದವು, ಮಾಡುವವರಿಗಾಗಿ ಅಲ್ಲ. 2003ರಿಂದ ಚಿತ್ರಕಲಾ ಪರಿಷತ್ತು ನಡೆಸುತ್ತಿರುವ ಚಿತ್ರಸಂತೆಯಲ್ಲಿ ಕಲೆ ಬೀದಿಗಿಳಿದು ಜನರಿಗೆ ಹತ್ತಿರವಾಯಿತು. ಅಲ್ಲಿಯೂ ಪ್ರಧಾನ ಸಂಬಂಧ ಕೊಳ್ಳುವವರದು ಮತ್ತು ಮಾರುವವರದು.

7. ಮೌಲ್ಯನಿರ್ಣಯ

ಮೇಲಿನ ವಿವೇಚನೆಯಿಂದ ಎರಡು ಬಗೆಯ ಮೌಲ್ಯಗಳನ್ನು ಬೇರ್ಪಡಿಸಬೇಕಾದ ಅಗತ್ಯ ಮನವರಿಕೆಯಾಗುತ್ತದೆ. ಒಂದು ಸಾಧನೆಯ ಮೌಲ್ಯ, ಅಂದರೆ ರಚಿಸುವ ಕ್ರಿಯೆಯು ರಚಿಸುವವರಲ್ಲಿ ಉಂಟುಮಾಡುವ ಬದಲಾವಣೆ. ಇನ್ನೊಂದು ಕೃತಿಯ ಮೌಲ್ಯ, ಅಂದರೆ ರಚನೆಯಾದುದು ಅಪರಿಚಿತ ನೋಡುಗರಲ್ಲಿ ಉಂಟುಮಾಡುವ ಬದಲಾವಣೆ. ನೆಮ್ಮದಿ ನೀಡಿದ ಚಿತ್ರವೆಲ್ಲ ಉತ್ತಮ ಕೃತಿಯಲ್ಲ; ಉತ್ತಮ ಕೃತಿಯನ್ನು ರಚಿಸಿದವರೆಲ್ಲ ನೆಮ್ಮದಿ ಪಡೆದವರೂ ಅಲ್ಲ. ಇವೆರಡನ್ನು ಬೆರೆಸಿದರೆ ವಿಮರ್ಶೆಗೆ ಕೆಲಸವಿಲ್ಲದಾಗುತ್ತದೆ, ಏಕೆಂದರೆ ಕಲಾವಿದರ ಅನುಭವವನ್ನು ಅಲ್ಲಗಳೆಯಲು ಯಾರಿಗೂ ಸಾಧ್ಯವಿಲ್ಲ. ಹಾಗೆಂದು ಇವೆರಡೂ ಸಂಬಂಧವಿಲ್ಲದವೂ ಅಲ್ಲ. ಎಚ್ಚರದಿಂದ ಎಳೆದ ಗೆರೆಯಲ್ಲಿ ಆ ಎಚ್ಚರ ಉಳಿಯುತ್ತದೆ. ಅಭ್ಯಾಸಬಲದಿಂದ ಎಳೆದದ್ದರಲ್ಲಿ ಕೈಯ ಸಲೀಸು ಮಾತ್ರ ಉಳಿಯುತ್ತದೆ. ಒಬ್ಬ ಕಲಾವಿದನ ಹತ್ತಾರು ಅಮೂರ್ತ ಕೃತಿಗಳನ್ನು ಒಟ್ಟಿಗೆ ನೋಡಿದಾಗ ಮರುಕಳಿಕೆ ಎಲ್ಲಿ ಹುಡುಕಾಟವಾಗಿದೆ, ಎಲ್ಲಿ ಮಾರುಕಟ್ಟೆಯ ಬೇಡಿಕೆಗೆ ಸಿದ್ಧಗೊಂಡ ಅಚ್ಚಾಗಿದೆ ಎಂಬುದು ತಿಳಿಯುತ್ತದೆ. ವಿಮರ್ಶೆ ಹಿಡಿಯಬೇಕಾದುದು ಈ ವ್ಯತ್ಯಾಸವನ್ನು.

ಇಲ್ಲಿ ನ್ಯಾಯದ ಪ್ರಶ್ನೆಯೂ ಇದೆ. ಕ್ಯಾನ್ವಾಸಿನ ಅಮೂರ್ತಕಾರರಿಗೆ ಹೆಸರು, ದಿನಾಂಕ, ಪ್ರದರ್ಶನದ ಪಟ್ಟಿ, ಸಂಗ್ರಹಾಲಯದ ಗೋಡೆ ಇವೆ. ಎಳೆಯನ್ನೂ ಚುಕ್ಕಿಯನ್ನೂ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರ ಹೆಸರು ಎಲ್ಲಿಯೂ ದಾಖಲಾಗಲಿಲ್ಲ. ಅವರದು ‘ಜನಪದ’ ಎಂಬ ಸಾಮೂಹಿಕ ಶೀರ್ಷಿಕೆಯಡಿ ಸೇರಿತು. ನಿರಾಕಾರದ ಮುಂದೆ ಏಕಾಗ್ರತೆಯಿಂದ ನಿಲ್ಲುವುದನ್ನು ಕಲೆಯೆಂದು ಒಪ್ಪುವುದಾದರೆ ಈ ಭೇದವನ್ನು ಉಳಿಸಿಕೊಳ್ಳಲು ತಾತ್ವಿಕ ಆಧಾರವಿಲ್ಲ. ಅಕಾಡೆಮಿಗಳು ಮತ್ತು ಸಂಗ್ರಹಾಲಯಗಳು ರಂಗೋಲಿ, ಹಸೆಗಳ ವಿನ್ಯಾಸಗಳನ್ನಷ್ಟೇ ಅಲ್ಲದೆ ಅವುಗಳನ್ನು ಬರೆದವರ ಹೆಸರು, ಕ್ರಮ, ಮಾತುಗಳನ್ನು ಅವರ ಒಪ್ಪಿಗೆಯೊಡನೆ ದಾಖಲಿಸುವುದು, ಹಾಗೆಯೇ ಬಡಾವಣೆಗಳಲ್ಲಿ ಯಾರಾದರೂ ಬಂದು ಕುಳಿತು ರಚಿಸಬಹುದಾದ ಕೋಣೆಗಳನ್ನು ತೆರೆಯುವುದು ಈ ದಿಕ್ಕಿನಲ್ಲಿ ಮೊದಲ ಹೆಜ್ಜೆಗಳಾಗಬಲ್ಲವು. ಪಾಳಿ ಮುಗಿಸಿ ಬಂದ ಕಾರ್ಮಿಕನಿಗೂ ಅಂಗಳ ಕಳೆದುಕೊಂಡ ಗೃಹಿಣಿಗೂ ಪ್ರದರ್ಶನಕ್ಕಿಂತ ಮೊದಲು ಬೇಕಾಗಿರುವುದು ಒಂದು ಮೊಳ ನೆಲ ಮತ್ತು ಒಂದು ಗಳಿಗೆ ಬಿಡುವು.

ಒಟ್ಟಿನಲ್ಲಿ, ಅಮೂರ್ತ ಕಲಾರಚನೆಯು ಆತ್ಮಾವಲೋಕನದ ಹಾದಿಯಾಗಬಲ್ಲುದು, ಆದರೆ ತಾನಾಗಿಯೇ ಆಗುವುದಿಲ್ಲ. ಮಿತಿಯನ್ನು ಒಪ್ಪಿಕೊಳ್ಳುವುದು, ಮತ್ತೆ ಮತ್ತೆ ಆರಂಭಿಸುವುದು, ಬರೆದದ್ದನ್ನು ಅಳಿಸಲು ಅಂಜದಿರುವುದು, ಕೊನೆಗೆ ಪರರ ನೋಟಕ್ಕೆ ಒಡ್ಡಿಕೊಳ್ಳುವುದು ಎಂಬ ನಾಲ್ಕು ಶಿಸ್ತುಗಳು ಕೂಡಿದಾಗ ಮಾತ್ರ ಅವಧಾನವು ಎಚ್ಚರವಾಗಿ, ಎಚ್ಚರವು ಅರಿವಾಗಿ ಬೆಳೆಯುತ್ತದೆ. ಈ ನಾಲ್ಕೂ ಚುಕ್ಕಿ ರಂಗೋಲಿಯಲ್ಲಿ ಇವೆ. ಆಧುನಿಕರ ಶ್ರೇಷ್ಠ ಕೃತಿಗಳಲ್ಲಿಯೂ ಇವೆ. ಇವೆರಡನ್ನೂ ಒಂದೇ ಅಳತೆಯಿಂದ ನೋಡಬಲ್ಲ ಪರಿಭಾಷೆಯನ್ನು ಕಟ್ಟಿಕೊಳ್ಳುವುದು ಕನ್ನಡ ಕಲಾವಿಮರ್ಶೆಯ ಮುಂದಿರುವ ಕೆಲಸ.